ಕರಾಚಿಯ ರೂತ್ ಫೌ, ನಮ್ಮ ಬೀದಿಯ ಆಶಾ

ಕರ್ನಾಟಕದ ಆಶಾ ಕಾರ್ಯಕರ್ತೆಯರಿಗೆ ಒಂದು ಬಹಿರಂಗ ಪತ್ರ

ಅಕ್ಕ ತಂಗಿಯರೇ,

ಕುಷ್ಠರೋಗ ಪತ್ತೆ ಆಂದೋಲನ ಬಂತೆಂದರೆ ನೀವು ಮನೆಮನೆ ಹತ್ತಿ ಇಳಿಯುತ್ತೀರಿ. ಮೈಮೇಲೆ ಎಲ್ಲಾದರೂ ತಿಳಿ ಬಿಳಿ ಅಥವಾ ತಾಮ್ರಬಣ್ಣದ ಮಚ್ಚೆ ಇದೆಯೇ, ಅಲ್ಲಿ ಮುಟ್ಟಿದರೆ ಗೊತ್ತಾಗುತ್ತದೆಯೇ ಎಂದು ಕೇಳುತ್ತೀರಿ. ಕೆಲವರು ಅಂಗಿ ಸರಿಸಿ ಬೆನ್ನು ತೋರಿಸುತ್ತಾರೆ. ಕೆಲವರು ‘ನಮ್ಮ ಮನೇಲಿ ಅಂಥ ಕಾಯಿಲೆ ಯಾರಿಗೂ ಇಲ್ಲ’ ಎಂದು ಹೊಸ್ತಿಲಲ್ಲೇ ಸಾಗಹಾಕುತ್ತಾರೆ. ಸಂಜೆ ನಮೂನೆ ತುಂಬಿ, ಪಿಎಚ್‌ಸಿಗೆ ವರದಿ ಕೊಟ್ಟು ನೀವು ಮನೆ ಸೇರುವ ಹೊತ್ತಿಗೆ, ಆ ದಿನ ನೀವು ಮಾಡಿದ್ದು ಎಂಥ ಕೆಲಸ ಎಂದು ಹೇಳುವವರು ಯಾರೂ ಇರುವುದಿಲ್ಲ.

ಇದೇ ಕೆಲಸವನ್ನು ಐವತ್ತು ವರ್ಷಕ್ಕೂ ಮೀರಿ ಮಾಡಿದ ಒಬ್ಬ ಹೆಣ್ಣುಮಗಳ ಬದುಕು ಮತ್ತು ಸಾವಿನ ಕಥೆಯನ್ನು ನಿಮಗೆ ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಆಕೆಯ ಹೆಸರು ರೂತ್ ಫೌ. ಹುಟ್ಟಿದ್ದು ಜರ್ಮನಿಯಲ್ಲಿ, ದುಡಿದದ್ದು ಪಾಕಿಸ್ತಾನದಲ್ಲಿ. ವೃತ್ತಿಯಿಂದ ವೈದ್ಯೆ, ವ್ರತದಿಂದ ಕ್ಯಾಥೊಲಿಕ್ ಕನ್ಯಾಸ್ತ್ರೀ. 2017ರ ಆಗಸ್ಟ್ 10ರಂದು, 87ನೆಯ ವಯಸ್ಸಿನಲ್ಲಿ, ಕರಾಚಿಯಲ್ಲಿ ತೀರಿಕೊಂಡರು. ಆಕೆಯನ್ನು ಬಲ್ಲವರು ಸಂತಳೆಂದು ಕೊಂಡಾಡುತ್ತಾರೆ. ಆ ಮಾತಿನಲ್ಲಿ ನನಗೆ ತಕರಾರಿಲ್ಲ. ಆದರೆ ಸಂತರ ಸಾಲಿನಲ್ಲಿ ಕೂರಿಸಿ ಕೈಮುಗಿದುಬಿಟ್ಟರೆ ಆಕೆ ಕಟ್ಟಿದ ಕೆಲಸ ಕಣ್ಣಿಗೆ ಬೀಳದೆ ಹೋಗುತ್ತದೆ. ಆ ಕೆಲಸದ ಒಳಹೊರಗು ನಿಮಗೆ ಗೊತ್ತಾದಷ್ಟು ಬೇರೆ ಯಾರಿಗೂ ಗೊತ್ತಾಗಲಾರದು. ಅದಕ್ಕೇ ಈ ಕಥೆಯನ್ನು ನಿಮಗೇ ಹೇಳುತ್ತಿದ್ದೇನೆ.

ರೂತ್ ಹುಟ್ಟಿದ್ದು 1929ರ ಸೆಪ್ಟೆಂಬರ್ 9ರಂದು, ಲೈಪ್‌ಜಿಗ್ ನಗರದಲ್ಲಿ. ಹಿಟ್ಲರನ ಕಾಲದಲ್ಲಿ ಬೆಳೆದ ಹುಡುಗಿ. ಎರಡನೆಯ ಮಹಾಯುದ್ಧದ ಬಾಂಬು ದಾಳಿಗೆ ಅವರ ಮನೆ ನೆಲಸಮವಾಯಿತು. ಯುದ್ಧ ಮುಗಿದ ಮೇಲೆ ಪೂರ್ವ ಜರ್ಮನಿ ಸೋವಿಯತ್ ಹಿಡಿತಕ್ಕೆ ಸಿಕ್ಕಿತು, ಆಕೆ ಪಶ್ಚಿಮಕ್ಕೆ ದಾಟಿ ಮೈಂಟ್ಸ್‌ನಲ್ಲಿ, ಮುಂದೆ ಮಾರ್‌ಬುರ್ಗ್‌ನಲ್ಲಿ ವೈದ್ಯಕೀಯ ಓದಿದರು. ಆ ದಿನಗಳಲ್ಲಿ ಒಬ್ಬ ಡಚ್ ಮಹಿಳೆಯ ಪರಿಚಯವಾಯಿತು. ನಾಜಿಗಳ ಸೆರೆಶಿಬಿರದಿಂದ ಬದುಕಿ ಬಂದಿದ್ದ ಆಕೆ ಸೇಡಿನ ಮಾತಾಡದೆ, ಪ್ರೀತಿ ಮತ್ತು ಕ್ಷಮೆಯನ್ನು ಸಾರುವುದಕ್ಕೇ ಉಳಿದ ಆಯಸ್ಸನ್ನು ಮುಡಿಪಿಟ್ಟಿದ್ದರು. ಎಲ್ಲವೂ ಕುಸಿದು ಬಿದ್ದಿದ್ದ ದೇಶದಲ್ಲಿ ಬೆಳೆಯುತ್ತಿದ್ದ ತರುಣಿಗೆ ಆ ಭೇಟಿ ಬಾಳಿನ ದಿಕ್ಕನ್ನೇ ತಿರುಗಿಸಿತು. 1951ರಲ್ಲಿ ಪ್ರೊಟೆಸ್ಟಂಟ್ ಸಂಪ್ರದಾಯದಲ್ಲಿ ದೀಕ್ಷಾಸ್ನಾನ ಪಡೆದರು, 1953ರಲ್ಲಿ ಕ್ಯಾಥೊಲಿಕ್ ಧರ್ಮಸಭೆಗೆ ಸೇರಿದರು. ಮದುವೆಯ ದಾರಿ ಎದುರಿಗಿತ್ತು. ಅದನ್ನು ಬಿಟ್ಟು 1957ರಲ್ಲಿ ‘ಮಾತೆ ಮರಿಯಳ ಹೃದಯದ ಪುತ್ರಿಯರು’ ಎಂಬ ಭಗಿನಿಯರ ಸಭೆಯನ್ನು ಸೇರಿಕೊಂಡರು.

ಈ ಸಭೆಯ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಅದು ಹುಟ್ಟಿದ್ದು ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1790ರ ಸುಮಾರಿಗೆ. ಆಗ ಫ್ರಾನ್ಸಿನಲ್ಲಿ ಕಾನ್ವೆಂಟುಗಳನ್ನು ಮುಚ್ಚಲಾಗುತ್ತಿತ್ತು. ಮರೀ ಅಡಿಲೇಡ್ ಡಿ ಸಿಸೆ ಎಂಬ ಮಹಿಳೆ ಮತ್ತು ಪಿಯರ್ ಡಿ ಕ್ಲೋರಿವಿಯೇರ್ ಎಂಬ ಯೇಸುಸಭೆಯ ಪಾದ್ರಿ ಕೂಡಿ ಬೇರೊಂದು ದಾರಿ ಕಂಡುಕೊಂಡರು. ವ್ರತ ಇರಲಿ, ಪ್ರತ್ಯೇಕ ಉಡುಪು ಬೇಡ. ಪ್ರಾರ್ಥನೆ ಇರಲಿ, ಮಠದ ಗೋಡೆ ಬೇಡ. ಜನರ ನಡುವೆ ಜನರಂತೆಯೇ ಇದ್ದು ಸೇವೆ ಮಾಡೋಣ ಎಂದು ನಿರ್ಧರಿಸಿದರು. ಹೀಗಾಗಿ ಸಿಸ್ಟರ್ ರೂತ್ ಅವರನ್ನು ಕರಾಚಿಯ ಜನ ಕಂಡದ್ದು ಸಲ್ವಾರ್ ಕಮೀಜ್ ತೊಟ್ಟು ದುಪಟ್ಟಾ ಹೊದ್ದ ವೈದ್ಯೆಯಾಗಿ. ಅವರ ನಂಬಿಕೆಯನ್ನು ಅವರ ಬಟ್ಟೆಯಲ್ಲಿ ಓದುವಂತಿರಲಿಲ್ಲ, ಕೈಗಳಲ್ಲಿ ಓದಬೇಕಿತ್ತು.

ಪಾಕಿಸ್ತಾನ ಅವರ ಗುರಿಯೇ ಆಗಿರಲಿಲ್ಲ. ಸಭೆಯ ಹಿರಿಯರು 1960ರಲ್ಲಿ ಅವರನ್ನು ಕಳುಹಿಸಿದ್ದು ನಮ್ಮ ದೇಶಕ್ಕೆ. ವೀಸಾದ ತೊಡಕಿನಿಂದ ಪ್ರಯಾಣ ಕರಾಚಿಯಲ್ಲಿ ನಿಂತುಹೋಯಿತು. ಕಾಯುತ್ತಿದ್ದ ದಿನಗಳಲ್ಲಿ ಯಾರೋ ಅವರನ್ನು ರೈಲು ನಿಲ್ದಾಣದ ಹತ್ತಿರ, ಮೆಕ್ಲಿಯೋಡ್ ರಸ್ತೆಯ ಹಿಂಭಾಗದಲ್ಲಿದ್ದ ಕುಷ್ಠರೋಗಿಗಳ ಕಾಲೊನಿಗೆ ಕರೆದೊಯ್ದರು. ಅವರದೇ ಸಭೆಯ ಬೆರೆನಿಸ್ ವರ್ಗಾಸ್ ಎಂಬ ಮೆಕ್ಸಿಕೊದ ಭಗಿನಿ ಅಲ್ಲಿ ಮೊದಲೇ ಕೆಲಸ ಶುರು ಮಾಡಿದ್ದರು. ಔಷಧಿ ಕೊಡುತ್ತಿದ್ದ ಜಾಗವೆಂದರೆ ಹಳೆಯ ಮರದ ಪೆಟ್ಟಿಗೆಗಳ ಹಲಗೆ ಹೊಡೆದು ಮಾಡಿದ ಗುಡಿಸಲು. ಸುತ್ತ ಕೊಳಚೆ ನೀರು. ಸ್ಪರ್ಶವೇ ಸತ್ತುಹೋದ ಕೈಕಾಲುಗಳನ್ನು ರಾತ್ರಿ ಇಲಿಗಳು ಕಚ್ಚಿದರೂ ಮಲಗಿದವರಿಗೆ ಎಚ್ಚರವಾಗುತ್ತಿರಲಿಲ್ಲ. ಒಬ್ಬ ತರುಣ, ಹೆಚ್ಚುಕಡಿಮೆ ಅವರದೇ ವಯಸ್ಸಿನವನು, ಆ ಕೆಸರಿನಲ್ಲಿ ಕೈಕಾಲೂರಿ ತೆವಳುತ್ತಾ ಬಂದ. ಹೀಗಿರುವುದೇ ತನ್ನ ಹಣೆಬರಹ ಎಂದು ಅವನು ಒಪ್ಪಿಕೊಂಡಿದ್ದು ರೂತ್‌ಗೆ ರೋಗಕ್ಕಿಂತ ಭೀಕರವಾಗಿ ಕಂಡಿತು. ಮುಂದೆ ಅವರು ಅದನ್ನು ಹಲವು ಸಲ ಹೇಳಿಕೊಂಡಿದ್ದಾರೆ. ಅವರು ಅಲ್ಲೇ ಉಳಿಯಲು ತೀರ್ಮಾನಿಸಿದರು.

ಮರುಕದ ಕಥೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಅನೇಕರು ಕೆಸರಿನಲ್ಲಿ ತೆವಳುವವರನ್ನು ಕಂಡು ಅತ್ತಿದ್ದಾರೆ, ಕಂಬಳಿ ಹಂಚಿ ಹೋಗಿದ್ದಾರೆ. ರೂತ್ ಮಾಡಿದ ಮೊದಲ ಕೆಲಸವೇನು ಗೊತ್ತೇ? ಕಲಿಯಲು ಹೊರಟರು. ಸ್ತ್ರೀರೋಗ ಚಿಕಿತ್ಸೆಯ ಕಡೆ ಒಲವಿದ್ದ ವೈದ್ಯೆಗೆ ಕುಷ್ಠರೋಗದ ಅನುಭವ ಸಾಲದಾಗಿತ್ತು. 1961ರಲ್ಲಿ ಅವರು ನಮ್ಮ ನೆರೆಯ ವೆಲ್ಲೂರಿಗೆ ಬಂದು ತರಬೇತಿ ಪಡೆದರು. ಕುಷ್ಠರೋಗಿಗಳ ಬೆರಳು ತಾವಾಗಿಯೇ ಕೊಳೆತು ಬೀಳುವುದಿಲ್ಲ, ನೋವು ತಿಳಿಯದ ಕಾರಣ ಸುಟ್ಟು, ಗಾಯವಾಗಿ, ಸೋಂಕು ಹತ್ತಿ ಹಾಳಾಗುತ್ತವೆ ಎಂಬುದನ್ನು ಪೌಲ್ ಬ್ರಾಂಡ್ ಎಂಬ ಶಸ್ತ್ರವೈದ್ಯ ಜಗತ್ತಿಗೆ ತೋರಿಸಿಕೊಟ್ಟಿದ್ದು ಅದೇ ವೆಲ್ಲೂರಿನಲ್ಲಿ, ಆ ಹೊತ್ತಿಗೆ ಕೆಲವೇ ವರ್ಷಗಳ ಹಿಂದೆ. ಆ ವಿದ್ಯೆಯೊಂದಿಗೆ ರೂತ್ ಕರಾಚಿಗೆ ಮರಳಿದರು. ದಕ್ಷಿಣ ಭಾರತದಲ್ಲಿ ಕಲಿತದ್ದು ಪಾಕಿಸ್ತಾನದ ರೋಗಿಗಳ ಕೈ ಉಳಿಸಿತು. ಎರಡು ದೇಶಗಳ ನಡುವೆ ಏನೆಲ್ಲ ನಡೆದಿದ್ದರೂ ಇದೂ ನಡೆದಿದೆ ಎಂದು ನಾವು ನೆನಪಿಟ್ಟುಕೊಳ್ಳಬೇಕು.

1963ರಲ್ಲಿ ಕರಾಚಿಯ ಸದ್ದರ್ ಪ್ರದೇಶದಲ್ಲಿ ಕಟ್ಟಡವೊಂದನ್ನು ಕೊಂಡು, ಗುಡಿಸಲಿನಲ್ಲಿದ್ದ ದವಾಖಾನೆಯನ್ನು ಅಲ್ಲಿಗೆ ತಂದರು. ತಮ್ಮ ಸಭೆಯ ಸ್ಥಾಪಕಿಯ ಹೆಸರಿನಲ್ಲಿ ಅದು ಮರೀ ಅಡಿಲೇಡ್ ಕುಷ್ಠರೋಗ ಕೇಂದ್ರವಾಯಿತು. ಡಾ. ಐ. ಕೆ. ಗಿಲ್ ಎಂಬ ವೈದ್ಯರು ಜೊತೆಯಾದರು. ಜರ್ಮನಿಯ ದಾನಿಗಳು ಹಣ ಕಳುಹಿಸಿದರು. ಪಠಾಣರು, ಬಲೂಚಿಗಳು, ಸಿಂಧಿಗಳು, ಅಫ್ಘಾನಿಸ್ತಾನದವರು ಎಲ್ಲರೂ ಹುಡುಕಿಕೊಂಡು ಬಂದರು. ರೋಗಿಗಳಲ್ಲಿ ಬಹುಪಾಲು ಮುಸ್ಲಿಮರು. ಕೇಂದ್ರದ ಸಿಬ್ಬಂದಿಯಲ್ಲಿ ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಒಟ್ಟಿಗೆ ದುಡಿಯುತ್ತಿದ್ದರು. ಬೆಳಗಿನ ಪ್ರಾರ್ಥನೆ ರೂತ್ ಅವರ ಬದುಕಿನ ಬೇರು. ಆದರೆ ದವಾಖಾನೆಗೆ ಬಂದವರ ಧರ್ಮ ಯಾವುದೆಂಬುದು ಚಿಕಿತ್ಸೆಗೆ ಲೆಕ್ಕವಿರಲಿಲ್ಲ.

ಇನ್ನು ನಿಮಗೆ ತೀರ ಹತ್ತಿರದ ಭಾಗಕ್ಕೆ ಬರುತ್ತೇನೆ. ಆಸ್ಪತ್ರೆ ಕಟ್ಟಿ ಕುಳಿತರೆ ಈ ರೋಗ ಸೋಲುವುದಿಲ್ಲ ಎಂಬುದು ರೂತ್‌ಗೆ ಬೇಗ ಗೊತ್ತಾಯಿತು. ಯಾಕೆಂದು ನಿಮಗೂ ಗೊತ್ತು. ಕುಷ್ಠದ ಮಚ್ಚೆ ನೋಯುವುದಿಲ್ಲ, ತುರಿಸುವುದಿಲ್ಲ. ನೋಯದ ಕಾಯಿಲೆಗೆ ಕೂಲಿ ಬಿಟ್ಟು ಆಸ್ಪತ್ರೆಗೆ ಯಾರು ಬರುತ್ತಾರೆ? ರೋಗಾಣು ಮೈ ಹೊಕ್ಕ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಐದು ವರ್ಷ ಹಿಡಿಯುತ್ತದೆ, ಕೆಲವರಲ್ಲಿ ಇಪ್ಪತ್ತು ವರ್ಷವೂ ಆಗಬಹುದು. ಅಷ್ಟರಲ್ಲಿ ಮೊಣಕೈ ಹತ್ತಿರದ ನರ ದಪ್ಪವಾಗಿ ಬೆರಳು ಮಡಚಿಕೊಳ್ಳುತ್ತದೆ, ಪಾದದಲ್ಲಿ ಹುಣ್ಣಾಗುತ್ತದೆ, ಕಣ್ಣಿನ ರೆಪ್ಪೆ ಮುಚ್ಚದಾಗುತ್ತದೆ. ಆಗ ರೋಗಿ ತಾನಾಗಿ ಬಂದರೆ ರೋಗಾಣುವನ್ನು ಕೊಲ್ಲಬಹುದು, ಕಳೆದುಹೋದ ನರವನ್ನು ತರಲಾಗದು. ಆದ್ದರಿಂದ ರೋಗಿ ಬರುವ ಮೊದಲೇ ನಾವು ಅವನ ಮನೆಗೆ ಹೋಗಬೇಕು. ಕುಷ್ಠ ನಿಯಂತ್ರಣದ ಪಾಠವೆಲ್ಲ ಈ ಒಂದು ಮಾತಿನಲ್ಲಿದೆ.

ಅದಕ್ಕಾಗಿ ಅವರು ಒಂದು ಪಡೆಯನ್ನೇ ತಯಾರು ಮಾಡಿದರು. ಅರವತ್ತರ ದಶಕದಲ್ಲೇ ಕರಾಚಿಯ ಕೇಂದ್ರದಲ್ಲಿ ಕುಷ್ಠರೋಗ ತಂತ್ರಜ್ಞರಿಗೆ ತರಬೇತಿ ಶುರುವಾಯಿತು. ಮಚ್ಚೆ ಗುರುತಿಸುವುದು, ನರ ಮುಟ್ಟಿ ನೋಡುವುದು, ಚರ್ಮದ ಮಾದರಿ ತೆಗೆಯುವುದು, ಔಷಧಿ ಕೊಟ್ಟು ಲೆಕ್ಕ ಇಡುವುದು, ರೋಗಿಯ ಮನೆಯವರನ್ನೆಲ್ಲ ಪರೀಕ್ಷಿಸುವುದು, ಇವೆಲ್ಲವನ್ನೂ ವೈದ್ಯರಲ್ಲದವರಿಗೆ ಕಲಿಸಿದರು. ಗುಣವಾದ ರೋಗಿಗಳೂ ಕಾರ್ಯಕರ್ತರಾದರು. ಅವರು ಬಲೂಚಿಸ್ತಾನದ ಮರಳುಗಾಡಿಗೆ, ಗಿಲ್ಗಿಟ್ ಮತ್ತು ಬಾಲ್ಟಿಸ್ತಾನದ ಬೆಟ್ಟಗಳಿಗೆ ಹೋದರು. ರೂತ್ ತಾವೂ ಜೀಪಿನಲ್ಲಿ, ಜೀಪು ಹೋಗದ ಕಡೆ ನಡೆದು ಹೋಗುತ್ತಿದ್ದರು. ಮನೆಯವರೇ ಚಿಕ್ಕ ಕೋಣೆಯಲ್ಲಿ ವರ್ಷಗಟ್ಟಲೆ ಕೂಡಿಹಾಕಿದ್ದವರನ್ನು, ಊರ ಹೊರಗೆ ಬಿಟ್ಟು ಬಂದಿದ್ದವರನ್ನು ಹುಡುಕಿ ಕರೆತಂದರು. ಪರದೆಯ ಪದ್ಧತಿ ಇದ್ದ ಮನೆಗಳಲ್ಲಿ ಗಂಡಸರು ಹೆಂಗಸರ ಮೈಮೇಲಿನ ಮಚ್ಚೆ ನೋಡುವಂತಿರಲಿಲ್ಲ. ಅಂಥ ಕಡೆ ಹೆಣ್ಣು ವೈದ್ಯೆಯೊಬ್ಬಳು ಒಳಮನೆಗೆ ಹೋಗಬಲ್ಲಳು ಎಂಬುದೇ ಒಂದು ಜೀವ ಉಳಿಸುತ್ತಿತ್ತು. ನಮ್ಮಲ್ಲೂ ಪತ್ತೆ ಆಂದೋಲನದ ತಂಡದಲ್ಲಿ ಒಬ್ಬ ಪುರುಷ ಸ್ವಯಂಸೇವಕನ ಜೊತೆ ಆಶಾ ಇರಲೇಬೇಕೆಂಬ ನಿಯಮ ಇರುವುದು ಇದೇ ಕಾರಣಕ್ಕೆ.

ಸೇವೆಯನ್ನು ಸರ್ಕಾರದ ಹೊಣೆಯಾಗಿ ಮಾಡಿಸಿದ್ದು ರೂತ್ ಅವರ ಇನ್ನೊಂದು ದೊಡ್ಡ ಸಾಧನೆ. 1968ರಲ್ಲಿ ಪಾಕಿಸ್ತಾನ ಸರ್ಕಾರವನ್ನು ಒಪ್ಪಿಸಿ ರಾಷ್ಟ್ರೀಯ ಕುಷ್ಠರೋಗ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿದರು. 1979ರಲ್ಲಿ ಸರ್ಕಾರ ಅವರನ್ನೇ ಕುಷ್ಠರೋಗದ ವಿಷಯದಲ್ಲಿ ತನ್ನ ಸಲಹೆಗಾರರನ್ನಾಗಿ ನೇಮಿಸಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹು ಔಷಧಿ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಡ್ಯಾಪ್ಸೋನ್, ರಿಫಾಂಪಿಸಿನ್, ಕ್ಲೊಫಾಜಿಮಿನ್ ಸೇರಿದ, ನೀವೀಗ ಬಣ್ಣದ ಬ್ಲಿಸ್ಟರ್ ಪ್ಯಾಕಿನಲ್ಲಿ ಕೊಡುವ ಅದೇ ಎಂಡಿಟಿ. ದಶಕಗಟ್ಟಲೆ ನುಂಗಬೇಕಾಗಿದ್ದ ಗುಳಿಗೆಯ ಜಾಗದಲ್ಲಿ ನಿಗದಿತ ಅವಧಿಯ ಚಿಕಿತ್ಸೆ ಬಂತು. ಮನೆಮನೆ ಅಲೆಯುವ ಪಡೆ ಮೊದಲೇ ಸಿದ್ಧವಿದ್ದುದರಿಂದ ಹೊಸ ಔಷಧಿ ರೋಗಿಗಳನ್ನು ತಲುಪಲು ದಾರಿಯೂ ಸಿದ್ಧವಿತ್ತು. 1996ರಲ್ಲಿ ಪಾಕಿಸ್ತಾನದಲ್ಲಿ ಕುಷ್ಠ ಹತೋಟಿಗೆ ಬಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಏಷ್ಯಾದಲ್ಲಿ ಈ ಮಟ್ಟ ಮುಟ್ಟಿದ ಮೊದಲ ಕೆಲವು ದೇಶಗಳಲ್ಲಿ ಅದೂ ಒಂದು. ಕೇಂದ್ರದ ಜಾಲ ದೇಶದಾದ್ಯಂತ ನೂರೈವತ್ತಕ್ಕೂ ಹೆಚ್ಚು ಶಾಖೆಗಳಷ್ಟು ಹರಡಿ, 50,000ಕ್ಕೂ ಮಿಕ್ಕಿದ ರೋಗಿಗಳಿಗೆ ಚಿಕಿತ್ಸೆ ಕೊಟ್ಟಿತ್ತು. ಕುಷ್ಠ ಕಡಿಮೆಯಾದಂತೆ ಅದೇ ಕಾರ್ಯಕರ್ತರಿಗೆ ಕ್ಷಯರೋಗದ, ಅಂಧತ್ವ ತಡೆಯುವ ಕೆಲಸವನ್ನೂ ಕಲಿಸಿದರು. 2005ರ ಕಾಶ್ಮೀರದ ಭೂಕಂಪ, 2010ರ ಮಹಾಪ್ರವಾಹ ಬಂದಾಗಲೂ ಈ ತಂಡ ಹೆಗಲು ಕೊಟ್ಟಿತು.

1988ರಲ್ಲಿ ಪಾಕಿಸ್ತಾನ ಅವರಿಗೆ ಪೌರತ್ವ ಕೊಟ್ಟಿತು. 1989ರಲ್ಲಿ ಹಿಲಾಲ್-ಎ-ಪಾಕಿಸ್ತಾನ್ ಪ್ರಶಸ್ತಿ ಬಂತು, 2002ರಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕೊನೆಯವರೆಗೂ ಅವರ ವಾಸ ಮಾತ್ರ ಕರಾಚಿಯ ಆಸ್ಪತ್ರೆಯ ಆವರಣದ ಒಂದು ಸರಳ ಕೋಣೆಯಲ್ಲಿ. ವಯಸ್ಸಾದ ಮೇಲೆ ಆಡಳಿತದ ಹೊಣೆಯನ್ನು ಪಾಕಿಸ್ತಾನದವರ ಕೈಗೇ ಒಪ್ಪಿಸಿದರು. ತಾವಿಲ್ಲದೆಯೂ ನಡೆಯುವಂತೆ ಕೆಲಸವನ್ನು ಕಟ್ಟಿ ಬದಿಗೆ ಸರಿಯುವುದು ಪ್ರಸಿದ್ಧರಾದವರಿಗೆ ಎಷ್ಟು ಕಷ್ಟವೆಂದು ನಮ್ಮ ಸಂಘ ಸಂಸ್ಥೆಗಳನ್ನು ನೋಡಿದವರಿಗೆಲ್ಲ ಗೊತ್ತು.

2017ರ ಆಗಸ್ಟ್ 10ರಂದು ಕರಾಚಿಯ ಆಗಾ ಖಾನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಸರ್ಕಾರ ಸಕಲ ರಾಜ್ಯ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಸುವುದಾಗಿ ಸಾರಿತು. ಅದಕ್ಕೆ ಒಂದು ವರ್ಷದ ಹಿಂದಷ್ಟೇ ಸಮಾಜಸೇವಕ ಅಬ್ದುಲ್ ಸತ್ತಾರ್ ಈಧಿಯವರಿಗೆ ಅಂಥ ಗೌರವ ಸಂದಿತ್ತು. ಈಗ ಆ ಗೌರವ ಹೊರದೇಶದಲ್ಲಿ ಹುಟ್ಟಿದ ಒಬ್ಬ ಕ್ರೈಸ್ತ ಸನ್ಯಾಸಿನಿಗೆ. ಆಗಸ್ಟ್ 19ರಂದು ಪಾರ್ಥಿವ ಶರೀರವನ್ನು ಮೊದಲು ತಂದದ್ದು ಅವರು ಬದುಕು ಸವೆಸಿದ ಕುಷ್ಠರೋಗ ಕೇಂದ್ರಕ್ಕೆ. ಆಮೇಲೆ ರಾಷ್ಟ್ರಧ್ವಜ ಹೊದಿಸಿದ ಶವಪೆಟ್ಟಿಗೆಯನ್ನು ಸೈನಿಕರು ಸಂತ ಪ್ಯಾಟ್ರಿಕರ ಪ್ರಧಾನಾಲಯಕ್ಕೆ ಹೊತ್ತು ತಂದರು. ಬಲಿಪೂಜೆಯ ಹೊತ್ತಿಗೆ ರಾಷ್ಟ್ರಪತಿ ಮಮ್ನೂನ್ ಹುಸೇನ್ ಅಲ್ಲಿದ್ದರು, ಸೇನಾ ಮುಖ್ಯಸ್ಥರಿದ್ದರು. ಅವರೊಡನೆ ಬುರ್ಖಾ ತೊಟ್ಟ ಹೆಂಗಸರು, ಗಡ್ಡದ ಹಿರಿಯರು, ಗುಣವಾದ ರೋಗಿಗಳು ಇದ್ದರು. ದೇಶದ ಧ್ವಜ ಅರ್ಧಕ್ಕಿಳಿದಿತ್ತು. ಗೋರಾ ಕಬ್ರಿಸ್ತಾನದಲ್ಲಿ ಮಣ್ಣು ಮಾಡಿದರು. ಕರಾಚಿಯ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಅವರ ಹೆಸರಿಟ್ಟರು, ಮರುವರ್ಷ ಅವರ ಚಿತ್ರವಿರುವ 50 ರೂಪಾಯಿಯ ನಾಣ್ಯ ಹೊರಬಂತು. ಒಂದು ಕಾಲಕ್ಕೆ ಯಾರೂ ಮುಟ್ಟದೆ ದೂರ ಇಟ್ಟಿದ್ದವರ ನಡುವೆ ಬಾಳಿದಾಕೆಯ ಪೆಟ್ಟಿಗೆಗೆ ಒಂದು ದೇಶದ ಸೈನ್ಯ ಹೆಗಲು ಕೊಟ್ಟದ್ದು ಸಣ್ಣ ಸಂಗತಿಯಲ್ಲ.

ಅಕ್ಕ ತಂಗಿಯರೇ, ಈ ಕಥೆಯನ್ನು ವೇದಿಕೆಯ ಮೇಲೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ನಿಮ್ಮ ಕಡೆ ತಿರುಗುತ್ತಾರೆ. ‘ನೀವೂ ಹೀಗೇ ನಿಸ್ವಾರ್ಥವಾಗಿ ಸೇವೆ ಮಾಡಿ’ ಎಂದು ಉಪದೇಶಿಸುತ್ತಾರೆ. ನಾನು ಹಾಗೆ ಹೇಳಲಾರೆ. ಹಾಗೆ ಹೇಳುವುದು ನಿಮಗೂ ಅನ್ಯಾಯ, ರೂತ್ ಅವರಿಗೂ ಅನ್ಯಾಯ.

ರೂತ್ ಫೌ ಬಡತನದ ವ್ರತ ತೊಟ್ಟದ್ದು ತಾವಾಗಿಯೇ, ದೇವರ ಮುಂದೆ. ಆ ವ್ರತದ ಬೆನ್ನಿಗೆ ಒಂದು ಸಭೆಯಿತ್ತು: ಉಣ್ಣಲು ಅನ್ನ, ಇರಲು ಕೋಣೆ, ಮುಪ್ಪಿನಲ್ಲಿ ಆರೈಕೆ ಅವರಿಗೆ ಅಲ್ಲಿಂದ ಸಿಗುತ್ತಿತ್ತು. ನೀವು ತೊಟ್ಟದ್ದು ಗುಲಾಬಿ ಬಣ್ಣದ ಸಮವಸ್ತ್ರ. ನಿಮಗೆ ಮಕ್ಕಳ ಶಾಲೆಯ ಫೀಸಿದೆ, ಸಂಘದ ಸಾಲದ ಕಂತಿದೆ, ಕಾಯಿಲೆ ಬಿದ್ದ ಅತ್ತೆಮಾವ ಇದ್ದಾರೆ. ನಿಮ್ಮಲ್ಲಿ ಎಷ್ಟೋ ಮಂದಿ ಗಂಡನನ್ನು ಕಳೆದುಕೊಂಡು ಈ ದುಡಿಮೆಯನ್ನೇ ನಂಬಿದವರು. ಬಡತನವನ್ನು ನೀವು ಯಾವ ದೇವರ ಮುಂದೆಯೂ ಬೇಡಿಕೊಂಡಿಲ್ಲ. ಕನ್ಯಾಸ್ತ್ರೀಯ ವ್ರತವನ್ನು ನಿಮ್ಮ ಮೇಲೆ ಹೊರಿಸಿ, ಸಂಬಳ ಕೊಡಬೇಕಾದ ಕಡೆ ಸನ್ಮಾನದ ಶಾಲು ಕೊಡುವುದನ್ನು ಸೇವೆ ಎಂಬ ಹೆಸರಿನಿಂದ ಸಮರ್ಥಿಸಲು ಬರುವುದಿಲ್ಲ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಆಶಾ ಯೋಜನೆ ಬಂದಾಗ ನಿಮ್ಮನ್ನು ಸ್ವಯಂಸೇವಕಿಯರೆಂದು ಕರೆದರು. ಬರಬರುತ್ತಾ ಬಸುರಿ ಬಾಣಂತಿಯರ ಆರೈಕೆಯಿಂದ ಹಿಡಿದು ಕ್ಷಯ, ಮಲೇರಿಯಾ, ಬಿಪಿ, ಸಕ್ಕರೆ ಕಾಯಿಲೆಯ ಸರ್ವೆಯವರೆಗೆ ಎಲ್ಲವೂ ನಿಮ್ಮ ಹೆಗಲೇರಿತು. ಕೋವಿಡ್ ಬಂದಾಗ ಊರೆಲ್ಲ ಬಾಗಿಲು ಹಾಕಿಕೊಂಡಿತು, ನೀವು ಆ ಬಾಗಿಲುಗಳನ್ನು ತಟ್ಟಿದಿರಿ. ಕೆಲವು ಕಡೆ ಬೈಗುಳ, ಹಲ್ಲೆಯನ್ನೂ ಎದುರಿಸಿದಿರಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಹತ್ತು ಲಕ್ಷದಷ್ಟು ಆಶಾಗಳನ್ನು ಒಟ್ಟಾಗಿ ಗೌರವಿಸಿತು. ಆದರೂ 2025ರ ಜನವರಿಯ ಚಳಿಯಲ್ಲಿ ನೀವು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಧರಣಿ ಕೂರಬೇಕಾಯಿತು. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿದ್ದು ಆ ಧರಣಿಯ ಮೇಲೆ. ರೂತ್ ಅವರನ್ನು ನೆನೆಯುವವರು ಆ ಧರಣಿಯನ್ನು ಸೇವಾಭಾವದ ಕೊರತೆ ಎಂದು ಕಾಣಲಾರರು. ಅವರು ತಮ್ಮ ಕಾರ್ಯಕರ್ತರಿಗೆ ಬರೀ ಹೊಗಳಿಕೆ ಕೊಡಲಿಲ್ಲ. ತರಬೇತಿ ಕೊಟ್ಟರು, ಹುದ್ದೆಗೊಂದು ಹೆಸರು ಕೊಟ್ಟರು, ಅವರ ಕೆಲಸ ಸರ್ಕಾರದ ಕಾರ್ಯಕ್ರಮದ ಬೆನ್ನೆಲುಬಾಗುವಂತೆ ಮಾಡಿದರು. ತಮ್ಮ ತ್ಯಾಗವನ್ನು ತಮಗೇ ಇಟ್ಟುಕೊಂಡರು. ಬೇರೆಯವರಿಂದ ಬೇಡಿದ್ದು ನಿಷ್ಠೆಯ ಕೆಲಸವನ್ನು.

ಆ ನಿಷ್ಠೆಯ ಕೆಲಸಕ್ಕೆ ನಮ್ಮಲ್ಲಿ ಇನ್ನೂ ಬಹಳ ಜಾಗವಿದೆ. 2005ರ ಡಿಸೆಂಬರ್‌ನಲ್ಲಿ ಭಾರತ ರಾಷ್ಟ್ರಮಟ್ಟದಲ್ಲಿ ಕುಷ್ಠ ನಿವಾರಣೆಯ ಗುರಿ ಮುಟ್ಟಿತು. ಅದರ ಅರ್ಥ 10,000 ಜನರಿಗೆ ಒಬ್ಬರಿಗಿಂತ ಕಡಿಮೆ ರೋಗಿಗಳು ಎಂದಷ್ಟೇ. ಜನ ಅದನ್ನು ‘ಕುಷ್ಠ ಹೋಯಿತು’ ಎಂದು ಕೇಳಿಸಿಕೊಂಡರು. ನಿಜ ಏನೆಂದರೆ, ಜಗತ್ತಿನಲ್ಲಿ ಪ್ರತಿವರ್ಷ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರು. ಅವರಲ್ಲಿ ಮಕ್ಕಳೂ ಇದ್ದಾರೆ. ಮಗುವಿನ ಮೈಮೇಲೆ ಮಚ್ಚೆ ಸಿಕ್ಕಿತೆಂದರೆ ಅದರ ಹತ್ತಿರದಲ್ಲೇ ಎಲ್ಲೋ ಪತ್ತೆಯಾಗದ, ಚಿಕಿತ್ಸೆಯಿಲ್ಲದ ದೊಡ್ಡವರೊಬ್ಬರು ಇದ್ದಾರೆ ಎಂದರ್ಥ. ಆ ವ್ಯಕ್ತಿಯನ್ನು ಹುಡುಕುವವರು ನೀವು. ನೂರರಲ್ಲಿ ತೊಂಬತ್ತೈದು ಜನರ ದೇಹಕ್ಕೆ ಈ ರೋಗಾಣುವನ್ನು ತಡೆಯುವ ಶಕ್ತಿ ಸಹಜವಾಗಿಯೇ ಇದೆ, ಮುಟ್ಟಿದ ಮಾತ್ರಕ್ಕೆ ಇದು ಅಂಟುವುದಿಲ್ಲ, ಪಾಪದಿಂದ ಬರುವುದಿಲ್ಲ, ಆರು ತಿಂಗಳೋ ಒಂದು ವರ್ಷವೋ ಉಚಿತ ಔಷಧಿ ತಪ್ಪದೆ ತೆಗೆದುಕೊಂಡರೆ ಗುಣವಾಗುತ್ತದೆ ಎಂದು ಪ್ರತಿ ಜಗಲಿಯಲ್ಲೂ ಹೇಳುವವರು ನೀವು. ಕರಾಚಿಯ ಕೆಸರಿನಲ್ಲಿ ತೆವಳಿ ಬಂದ ತರುಣನಿಗೆ ಆರಂಭದ ವರ್ಷಗಳಲ್ಲಿ ಯಾರಾದರೂ ಇಷ್ಟು ಹೇಳಿ ಔಷಧಿ ಕೊಟ್ಟಿದ್ದರೆ ಅವನು ನಡೆದೇ ಬರುತ್ತಿದ್ದ.

ಕಾನೂನು ಕೂಡ ತಡವಾಗಿಯಾದರೂ ಬದಲಾಗಿದೆ. 1898ರ ಕುಷ್ಠರೋಗಿಗಳ ಕಾಯ್ದೆಯನ್ನು 2016ರಲ್ಲಿ ರದ್ದು ಮಾಡಲಾಯಿತು. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತಿದ್ದ ಕಲಮುಗಳನ್ನು 2019ರಲ್ಲಿ ಸಂಸತ್ತು ತೆಗೆದುಹಾಕಿತು. ಕಾಯಿಲೆ ಇದೆಯೆಂದು ಹೆಂಡತಿಯನ್ನು ತವರಿಗೆ ಅಟ್ಟುವ ಗಂಡನಿಗೆ ಈಗ ಆ ಕಾನೂನಿನ ಬೆಂಬಲವಿಲ್ಲ. ನಿಮ್ಮ ಹಳ್ಳಿಯಲ್ಲಿ ಅಂಥ ಹೆಣ್ಣುಮಗಳು ಸಿಕ್ಕರೆ ಔಷಧಿಯ ಜೊತೆ ಈ ಮಾತನ್ನೂ ಅವಳ ಕಿವಿಗೆ ಹಾಕಿ.

ಬಯಲುಸೀಮೆಯ ತಾಂಡಾದಿಂದ ಮಲೆನಾಡಿನ ಒಂಟಿಮನೆಯವರೆಗೆ ನಡೆಯುವ ನಿಮಗೆ ರೂತ್ ಅವರ ಬದುಕಿನಿಂದ ಒಂದೇ ಒಂದನ್ನು ತೆಗೆದುಕೊಳ್ಳಿ ಎಂದು ಕೇಳುತ್ತೇನೆ: ಮತ್ತೆ ಹೋಗುವ ಅಭ್ಯಾಸ. ಮೊದಲ ಭೇಟಿಯಲ್ಲಿ ಮುಚ್ಚಿಟ್ಟ ಮಚ್ಚೆ ಮೂರನೆಯ ಭೇಟಿಯಲ್ಲಿ ಹೊರಬರುತ್ತದೆ. ಎರಡನೆಯ ತಿಂಗಳಿಗೆ ಗುಳಿಗೆ ಬಿಟ್ಟವನು ಆರನೆಯ ತಿಂಗಳವರೆಗೆ ನುಂಗುವುದು ನೀವು ಮನೆಗೆ ಬಂದು ಪ್ಯಾಕ್ ತೆಗೆಸಿ ನೋಡುತ್ತೀರೆಂಬ ಕಾರಣಕ್ಕೆ. ಪಾದದ ಸ್ಪರ್ಶ ಕಳೆದುಕೊಂಡವರು ಮೃದು ರಬ್ಬರಿನ ಎಂಸಿಆರ್ ಚಪ್ಪಲಿ ಹಾಕುವುದು, ನೀರಿನಲ್ಲಿ ಕಾಲು ನೆನೆಸಿ ಎಣ್ಣೆ ಹಚ್ಚಿಕೊಳ್ಳುವುದು ಯಾರಾದರೂ ಕೇಳುವವರಿದ್ದಾಗಲೇ. ಭಕ್ತಿ ಎಂದರೆ ರೂತ್ ಅವರ ಬಾಳಿನಲ್ಲಿ ಐವತ್ತೇಳು ವರ್ಷ ದಿನವೂ ಮಾಡಿದ ಇಂಥ ಕೆಲಸ. ದೇವರಲ್ಲಿ ನಂಬಿಕೆ ಇಟ್ಟು ಮಾಡುವವರು ಹಾಗೆ ಮಾಡಲಿ, ಮನುಷ್ಯರಲ್ಲಿ ನಂಬಿಕೆ ಇಟ್ಟು ಮಾಡುವವರು ಹಾಗೆ ಮಾಡಲಿ. ರೋಗಿಯ ಕೈ ಉಳಿದರೆ ಎರಡೂ ಸಾರ್ಥಕ.

ಈ ಪತ್ರ ಬಹಿರಂಗವಾದ್ದರಿಂದ ಬೇರೆಯವರೂ ಓದುತ್ತಾರೆ. ಅವರಿಗೂ ಎರಡು ಮಾತು. ಸರ್ಕಾರ ಆಶಾಗಳಿಗೆ ಒಪ್ಪಿದ ಹಣವನ್ನು ತಿಂಗಳ ತಿಂಗಳು ತಪ್ಪದೆ ಕೊಡಲಿ, ಅವರನ್ನು ಕಾರ್ಮಿಕರೆಂದು ಒಪ್ಪಿ ನಿವೃತ್ತಿಯ ನಂತರದ ಬದುಕಿಗೂ ಆಸರೆ ಒದಗಿಸಲಿ. ಇನ್ನು ನಾವು ಮನೆಯೊಳಗಿರುವವರು. ಮುಂದಿನ ಸಲ ಆಶಾ ಅಕ್ಕ ಬಂದಾಗ ಕುಳಿತುಕೊಳ್ಳಲು ಹೇಳೋಣ, ಕುಡಿಯಲು ನೀರು ಕೊಡೋಣ, ಅವರು ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಉತ್ತರಿಸೋಣ. ಮೈಮೇಲೆ ಮಚ್ಚೆ ಇದ್ದರೆ ತೋರಿಸೋಣ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದೆಯೆಂದು ಗೊತ್ತಾದರೆ ಅವರ ತಟ್ಟೆ ಲೋಟ ಬೇರೆ ಇಡದೆ, ಔಷಧಿಯ ವೇಳೆ ನೆನಪಿಸೋಣ.

ರೂತ್ ಫೌ ಅವರಿಗೆ ಒಂದು ದೇಶ ಅಂತಿಮ ಗೌರವ ಸಲ್ಲಿಸಿದ್ದನ್ನು ನಾವು ಮೆಚ್ಚುತ್ತೇವೆ. ನಿಮಗೆ ಸಲ್ಲಬೇಕಾದದ್ದು ನೀವು ದುಡಿಯುತ್ತಿರುವಾಗಲೇ ಸಲ್ಲಲಿ; ಅದನ್ನು ಕೊಡಿಸುವ ಹೋರಾಟದಲ್ಲಿ ನಿಮ್ಮ ಸೇವೆ ಪಡೆದ ಪ್ರತಿ ಮನೆಯೂ ನಿಮ್ಮ ಜೊತೆ ನಿಲ್ಲಬೇಕು. ನಾನಂತೂ ನಿಲ್ಲುತ್ತೇನೆ.

ಇತಿ,
ನಿಮ್ಮ ಋಣದಲ್ಲಿರುವ ಒಬ್ಬ ಬರಹಗಾರ್ತಿ